ಮದುವೆಯಾಗದ ಅಪ್ಪನ ಅರ್ಜಿ

ಹಾಸನದಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಜೀಪ್ ಚಾಲಕರೊಬ್ಬರು ಬಂದಿದ್ದರು. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.) ತೋಟದ ಲೈನ್ ಮನೆಯಲ್ಲಿ ಅವರೂ ಒಬ್ಬ ಹೆಣ್ಣುಮಗಳೂ ಐದಾರು ವರ್ಷ ಒಟ್ಟಿಗೆ ಬಾಳಿದ್ದರು, ಜಾತಿಯ ಕಾರಣಕ್ಕೆ ಎರಡೂ ಮನೆಯವರು ಒಪ್ಪದೆ ಮದುವೆ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಹೊಂದಿಕೆಯಾಗದೆ, ಆಕೆ ಮಗಳನ್ನು ಕರೆದುಕೊಂಡು ಮೂಡಿಗೆರೆಯ ತವರಿಗೆ ಹೋಗಿ ಒಂದು ವರ್ಷ ಕಳೆದಿತ್ತು.

ಅವರು ಪ್ಲಾಸ್ಟಿಕ್ ಕವರಿನಿಂದ ಮಗುವಿನ ತಾಯಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಮಡಿಕೆಯ ಜಾಗದಲ್ಲಿ ಹರಿದು, ಅಂಟುಪಟ್ಟಿ ಹಚ್ಚಿದ ಕಾರ್ಡು. ಲಸಿಕೆಯ ಒಂದೊಂದು ದಿನಾಂಕದ ಮೇಲೂ ಬೆರಳಿಟ್ಟು, ಅಂದು ಆಸ್ಪತ್ರೆಗೆ ಎತ್ತಿಕೊಂಡು ಹೋದವನು ತಾನೇ ಎಂದು ತೋರಿಸಿದರು. "ಮೇಡಂ, ಮಗೂನ ಅವಳಿಂದ ಕಿತ್ಕೊಳ್ಳೋದು ಬೇಡ. ಭಾನುವಾರ ಒಂದ್ಸಲ ನೋಡೋಕೆ ಬಿಟ್ರೆ ಸಾಕು" ಎಂದರು.

ಇಬ್ಬರೂ ಹಿಂದೂಗಳಾದ್ದರಿಂದ ಇಲ್ಲಿ ಅನ್ವಯಿಸುವುದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ. ಅದರ 6ನೇ ಸೆಕ್ಷನ್ನಿನ ಪ್ರಕಾರ ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೇ ಸಹಜ ಪಾಲಕಿ, ತಂದೆಯ ಸರದಿ ಆಕೆಯ ನಂತರ. ಈ ಕ್ರಮ ಸರಿಯೆಂದೇ ನಾನು ತಿಳಿದಿದ್ದೇನೆ, ಏಕೆಂದರೆ ಇಂಥ ಸಂಬಂಧಗಳಲ್ಲಿ ಹೊಟ್ಟೆಯಲ್ಲಿ ಮಗುವನ್ನು ಬಿಟ್ಟು ಕಣ್ಮರೆಯಾದ ಗಂಡಸರನ್ನು ನಮ್ಮ ಕಚೇರಿಯೇ ಸಾಕಷ್ಟು ಕಂಡಿದೆ. ಅವಿವಾಹಿತ ತಾಯಿಯು ತಂದೆಗೆ ನೋಟಿಸ್ ಕೊಡದೆಯೂ ಪಾಲಕತ್ವ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದ್ದು ಅಂಥ, ಮಗುವಿನ ಗೊಡವೆಗೇ ಬಾರದ ತಂದೆಯ ಪ್ರಕರಣದಲ್ಲಿ. ಆದರೆ ಲಸಿಕೆಯ ದಿನ ಮರೆಯದ ತಂದೆಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಜೀವನಾಂಶದ ಮಾತು ಬಂದಾಗ ಕಾನೂನು ಅವನನ್ನು ತಂದೆಯೆಂದೇ ಕರೆಯುತ್ತದೆ. ಮದುವೆಯಾಗಿರಲಿ ಬಿಡಲಿ, ಮಗುವನ್ನು ಸಾಕುವ ಹೊಣೆ ಅವನಿಗಿದೆ. ಮಗುವಿನ ಮುಖ ನೋಡುವ ವಿಷಯಕ್ಕೆ ಮಾತ್ರ ಅದೇ 6ನೇ ಸೆಕ್ಷನ್ ಮೌನವಾಗಿದೆ.

ಹಾಗೆಂದು ಬಾಗಿಲು ಮುಚ್ಚಿಲ್ಲ. ಅದೇ ಕಾಯಿದೆಯ 13ನೇ ಸೆಕ್ಷನ್ ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದೆನ್ನುತ್ತದೆ. 1890ರ ಪಾಲಕರು ಮತ್ತು ಪಾಲಿತರ ಕಾಯಿದೆಯಡಿ ನ್ಯಾಯಾಲಯವು ಮಗುವಿನ ವಯಸ್ಸು, ಅರ್ಜಿದಾರರ ನಡತೆ ಮತ್ತು ಸಾಮರ್ಥ್ಯ, ಮಗುವಿನೊಂದಿಗೆ ಅವರ ನಂಟು, ಮಗು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟ, ಇವೆಲ್ಲವನ್ನೂ ನೋಡಬೇಕು. ಆದ್ದರಿಂದ ಅವರ ಅರ್ಜಿಯನ್ನು ತಂದೆಯ ಹಕ್ಕಿನ ಮೇಲಲ್ಲ, ಮಗಳ ಹಿತದ ಮೇಲೆ ಕಟ್ಟಿದೆವು: ಜನನ ಪ್ರಮಾಣಪತ್ರದಲ್ಲಿರುವ ತಂದೆಯ ಹೆಸರು, ಅಂಗನವಾಡಿಗೆ ಸೇರಿಸುವಾಗ ಮಾಡಿದ ಸಹಿ, ತಿಂಗಳು ತಿಂಗಳು ಆಕೆಗೆ ಫೋನ್‌ಪೇ ಮಾಡಿದ ಹಣದ ವಿವರ. ಇವುಗಳಿಲ್ಲದಿದ್ದರೆ ತಂದೆತನವನ್ನು ಸಾಬೀತುಪಡಿಸುವುದರಲ್ಲೇ ಮಗು ಅಪ್ಪನ ಮುಖ ಮರೆಯುವಷ್ಟು ಕಾಲ ಕಳೆಯುತ್ತಿತ್ತು. ಸಂಬಂಧ ಚೆನ್ನಾಗಿರುವಾಗಲೇ ದಾಖಲೆಗಳಲ್ಲಿ ಹೆಸರು ಬರೆಸಿಡಿ ಎಂದು ಇಂಥ ತಂದೆಯಂದಿರಿಗೆ ನಾನು ಒತ್ತಿ ಹೇಳುವುದು ಇದಕ್ಕಾಗಿ.

ಅರ್ಜಿ ಹಾಸನದಲ್ಲಿ ಹಾಕಬಹುದೆಂದು ಅವರು ನಂಬಿ ಬಂದಿದ್ದರು. ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ವ್ಯಾಪ್ತಿಯಲ್ಲೇ ಹಾಕಬೇಕಾದ್ದರಿಂದ, ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಬಿಟ್ಟು ಚಿಕ್ಕಮಗಳೂರಿಗೆ ಹೋಗಬೇಕಾಯಿತು. ಸುಪರ್ದಿಯನ್ನು ಕೇಳಲೇ ಇಲ್ಲ. ಭೇಟಿಗೆ ಮಧ್ಯಂತರ ಆದೇಶವನ್ನಷ್ಟೇ ಕೇಳಿದೆವು. ಕಳೆದ ವಾಯಿದೆಯಲ್ಲಿ ಆಕೆ ತಿಂಗಳಿಗೆ ಎರಡು ಭಾನುವಾರಕ್ಕೆ ಒಪ್ಪಿದ್ದಾರೆ, ಮಗಳ ಜೊತೆ ಅಜ್ಜಿಯೂ ಇರಬೇಕೆಂಬ ಷರತ್ತಿನ ಮೇಲೆ. ಷರತ್ತನ್ನು ವಿವರಿಸುವ ಮೊದಲೇ ಅವರು, "ಅಜ್ಜಿ ಇರ್ಲಿ ಮೇಡಂ, ಅವ್ರನ್ನ ಬಿಟ್ಟು ಅವಳು ಊಟ ಮಾಡಲ್ಲ" ಎಂದರು.