ವೈರ್‌ಲೆಸ್ ಮೆಶ್‌ಗೆ ವೈರ್ ಏಕೆ?

"ವೈರ್ ಬೇಡವೆಂದೇ ಮೆಶ್ ವೈಫೈ ತಂದದ್ದು, ಈಗ ಅದಕ್ಕೂ ಕೇಬಲ್ ಎಳೆಯಬೇಕು ಎನ್ನುತ್ತೀರಲ್ಲ?" ನೆಂಟರಿಂದ ಹಿಡಿದು ಮನೆ ಕಟ್ಟಿಸುತ್ತಿರುವ ಗೆಳೆಯರವರೆಗೆ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ಒಂದೇ ವೈಫೈಯನ್ನು ಮನೆಯೆಲ್ಲ ಹರಡಲು ಅಲ್ಲಲ್ಲಿ ಇಡುವ ಪೆಟ್ಟಿಗೆಗಳ ಜಾಲವೇ ಮೆಶ್; ಅದರ ಒಂದೊಂದು ಪೆಟ್ಟಿಗೆಯೂ ಒಂದು ನೋಡ್. ಎಳೆಯಲು ದಾರಿಯಿದ್ದರೆ ಖಂಡಿತ ಎಳೆಯಿರಿ. ಮೂರನೆಯ ನೋಡ್ ಕೊಳ್ಳುವುದಕ್ಕಿಂತ ಎರಡನೆಯದಕ್ಕೆ ಕೇಬಲ್ ಎಳೆಸುವುದೇ ಮೇಲು ಎಂಬುದು ನನ್ನ ಉತ್ತರ.

ಮಹಡಿಯ ಮೇಲಿಟ್ಟ ನೋಡ್‌ಗೆ ಎರಡು ಕೆಲಸಗಳಿವೆ. ಅದು ನಿಮ್ಮ ಫೋನ್‌ನಿಂದ ಮಾಹಿತಿಯನ್ನು ಪಡೆಯಬೇಕು, ಅದನ್ನೇ ಕೆಳಗಿರುವ ಮುಖ್ಯ ನೋಡ್‌ಗೆ ಮುಟ್ಟಿಸಬೇಕು. ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ಪಟ್ಟಿಗಳ) ಮೆಶ್‌ಗಳಲ್ಲಿ ಸಾಮಾನ್ಯವಾಗಿ ಒಂದೇ 5 ಗಿಗಾಹರ್ಟ್ಸ್ ರೇಡಿಯೋ ಇವೆರಡನ್ನೂ ಸರದಿಯಂತೆ ಮಾಡುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಡುವೆ ಆರ್‌ಸಿಸಿ ತಾರಸಿ ಇದ್ದರಂತೂ ಉಳಿದದ್ದನ್ನೂ ಅದು ನುಂಗುತ್ತದೆ. ಫೋನ್‌ನಲ್ಲಿ ಸಿಗ್ನಲ್ ಗೆರೆಗಳು ತುಂಬಿದ್ದರೂ ವಿಡಿಯೊ ನಿಂತು ನಿಂತು ಓಡುವುದು ಇದಕ್ಕೇ: ಆ ಗೆರೆಗಳು ಹತ್ತಿರದ ನೋಡ್‌ನ ಬಲವನ್ನು ತೋರಿಸುತ್ತವೆಯೇ ಹೊರತು ಅದರ ಹಿಂದಿನ ಕೊಂಡಿಯ ದೌರ್ಬಲ್ಯವನ್ನಲ್ಲ. ಕೇಬಲ್ ಹಾಕಿದರೆ ರೇಡಿಯೋ ಪೂರ್ತಿ ಫೋನ್, ಲ್ಯಾಪ್‌ಟಾಪ್‌ಗಳಿಗೇ ಮೀಸಲಾಗುತ್ತದೆ. ಎರಡು ನೋಡ್‌ಗಳು ಪರಸ್ಪರ ಸಿಗ್ನಲ್ ಸಿಗುವಷ್ಟು ಹತ್ತಿರ ಇರಬೇಕೆಂಬ ಕಟ್ಟುಪಾಡೂ ಇರುವುದಿಲ್ಲ.

ಕೇಬಲ್ ವಿಷಯದಲ್ಲಿ ಹಳೆಯ ದರ್ಜೆಯ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಕೂಡ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ (1000 ಎಂಬಿಪಿಎಸ್) ಸಾಗಿಸಬಲ್ಲದು. ಹೊಸ ಮನೆಯಾದರೆ ಅದಕ್ಕಿಂತ ಮೇಲಿನ ದರ್ಜೆಯ ಕ್ಯಾಟ್ 6 ಹಾಕಿಸಿ, ಕರೆಂಟ್ ವೈರ್ ಹೋಗುವ ಪೈಪಿನಲ್ಲಲ್ಲ, ಪ್ರತ್ಯೇಕ ಪೈಪಿನಲ್ಲಿ. (ಗೋಡೆಗೆ ಬಣ್ಣ ಬಳಿದ ಮೇಲೆ ಬಂದು ಕೇಳುವವರೇ ಹೆಚ್ಚು.) ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಬೇಡ, ಪೂರ್ಣ ತಾಮ್ರದ್ದೇ ಇರಲಿ. ಕೊಳ್ಳುವ ಮುನ್ನ ನೋಡ್‌ನ ಪೋರ್ಟ್ ಗಿಗಾಬಿಟ್‌ನದೇ ಎಂದು ನೋಡಿ. 100 ಎಂಬಿಪಿಎಸ್ ಪೋರ್ಟ್ ಇರುವ ನೋಡ್‌ಗೆ 300 ಎಂಬಿಪಿಎಸ್ ಪ್ಲಾನ್ ಇದ್ದರೂ ಕೇಬಲ್‌ನಿಂದ ಸಿಗುವುದು 100ರೊಳಗೇ.

ನನ್ನ ಮನೆಯಲ್ಲಿ ಪೋರ್ಟ್ ಸರಿಯಿದ್ದೂ ಹಲವು ತಿಂಗಳು ಮಹಡಿಯಲ್ಲಿ 94 ಎಂಬಿಪಿಎಸ್ ಮೀರಲಿಲ್ಲ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು, 100ಕ್ಕೆ ಎರಡೇ ಸಾಕು. ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದಾಗ (ಕ್ರಿಂಪ್ ಮಾಡಿದಾಗ) ಕಂದು ತಂತಿಯೊಂದು ತುದಿಯವರೆಗೆ ಕೂರದೆ ಉಳಿದಿತ್ತು. ಸಾಧನಗಳು ಯಾವ ದೂರೂ ಹೇಳದೆ ಕಡಿಮೆ ವೇಗಕ್ಕೆ ಹೊಂದಿಕೊಂಡಿದ್ದವು. ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದ ಮೇಲೆ ಸರಿಹೋಯಿತು.

ಜೋಡಣೆಯ ಕ್ರಮದಲ್ಲಿ ಅನೇಕರು ಎಡವುತ್ತಾರೆ. ಮುಖ್ಯ ನೋಡ್ ರೌಟರ್ ಆಗಿ ಕೆಲಸ ಮಾಡುತ್ತಿದ್ದರೆ, ಇಂಟರ್ನೆಟ್ ಕಂಪನಿಯವರು ಕೊಟ್ಟ ಪೆಟ್ಟಿಗೆಯಿಂದ ಬರುವ ಕೇಬಲ್ ಅದರ ವ್ಯಾನ್ (ಹೊರಗಿನ ಇಂಟರ್ನೆಟ್ ಒಳಬರುವ) ಪೋರ್ಟ್‌ಗೆ ಹೋಗಬೇಕು, ಅದರ ಲ್ಯಾನ್ (ಮನೆಯೊಳಗಿನ ಜಾಲದ) ಪೋರ್ಟ್‌ನಿಂದ ಎರಡನೆಯ ನೋಡ್‌ಗೆ ಕೇಬಲ್ ಹೋಗಬೇಕು. ಎರಡನೆಯದನ್ನು ನೇರವಾಗಿ ಕಂಪನಿಯ ಪೆಟ್ಟಿಗೆಗೆ ಸಿಕ್ಕಿಸಿದರೆ ಅದು ಮುಖ್ಯ ನೋಡ್‌ನ ಜಾಲದ ಹೊರಗೇ ಉಳಿಯುತ್ತದೆ. ಪೋರ್ಟ್ ಸಾಲದಿದ್ದರೆ ನಡುವೆ ಸಾಮಾನ್ಯ ಗಿಗಾಬಿಟ್ ಸ್ವಿಚ್ (ಒಂದು ಕೇಬಲ್‌ನಿಂದ ಹಲವು ಪೋರ್ಟ್ ಕೊಡುವ ಪೆಟ್ಟಿಗೆ) ಇಡಬಹುದು. ಮೊದಲು ವೈರ್‌ಲೆಸ್‌ನಲ್ಲೇ ನೋಡ್ ಸೇರಿಸಿ, ನಂತರ ಕೇಬಲ್ ಸಿಕ್ಕಿಸಿ, ಕೊಂಡಿ ಈಥರ್ನೆಟ್ (ಅಂದರೆ ಕೇಬಲ್ ಮೂಲಕ) ಎಂದು ಮೆಶ್‌ನ ಆ್ಯಪ್‌ನಲ್ಲಿ ತೋರಿಸುತ್ತಿದೆಯೇ ಎಂದು ನೋಡಿದರೆ ಆಯಿತು.