ಮೂರು ಊರಿನ ಇಪಿಎಬಿಎಕ್ಸ್, ಒಂದೇ ಟೀಮ್ಸ್ ಟೆನೆಂಟ್

ಬೆಂಗಳೂರು, ಮೈಸೂರು, ಹುಬ್ಬಳ್ಳಿ. ಮೂರೂ ಕಚೇರಿಯಲ್ಲಿ ಬೇರೆ ಬೇರೆ ಇಪಿಎಬಿಎಕ್ಸ್ (ಕಚೇರಿಯ ಒಳ ಫೋನ್ ಎಕ್ಸ್‌ಚೇಂಜ್), ಆದರೆ ಮೈಕ್ರೋಸಾಫ್ಟ್ 365 ಟೆನೆಂಟ್ (ಕಂಪನಿಯ ಖಾತೆ) ಮಾತ್ರ ಒಂದೇ. ಮೂರನ್ನೂ ಡೈರೆಕ್ಟ್ ರೂಟಿಂಗ್‌ನಲ್ಲಿ (ಸ್ವಂತ ಫೋನ್ ಲೈನ್‌ಗಳನ್ನೇ ಟೀಮ್ಸ್‌ನಲ್ಲಿ ಬಳಸುವ ವಿಧಾನ) ಟೀಮ್ಸ್‌ಗೆ ಜೋಡಿಸಲು ಕಚೇರಿಗೆ ರಜೆಯಿದ್ದ ಶನಿವಾರವನ್ನೇ ಇಟ್ಟುಕೊಂಡಿದ್ದೆವು. ಫೋನಿನ ಭಾಗ ಸುಲಭ. ತಕರಾರೆಲ್ಲ ಹೆಸರು, ನಂಬರು ಮತ್ತು ಸಬ್‌ನೆಟ್‌ಗಳದ್ದು (ಕಚೇರಿಯ ಒಳ ನೆಟ್‌ವರ್ಕ್‌ನ ಐಪಿ ವಿಳಾಸಗಳ ಗುಂಪು). ಇವು ಮೂರನ್ನೂ ಎಕ್ಸೆಲ್ ಹಾಳೆಯಲ್ಲಿ ಬರೆದು ಮುಗಿಸುವವರೆಗೆ ಅಡ್ಮಿನ್ ಸೆಂಟರ್ ತೆರೆಯದಿರುವುದೇ ಒಳ್ಳೆಯದು.

ಮೊದಲು ಹೆಸರು. ಪ್ರತಿ ಊರಿನ ಎಸ್‌ಬಿಸಿಗೆ (ಇಪಿಎಬಿಎಕ್ಸ್ ಮತ್ತು ಟೀಮ್ಸ್ ನಡುವಿನ ಗೇಟ್‌ವೇ) ಟೆನೆಂಟ್‌ನಲ್ಲಿ ವೆರಿಫೈ ಆದ ಡೊಮೈನ್‌ನ ಹೆಸರೇ ಬೇಕು. ಆನ್‌ಮೈಕ್ರೋಸಾಫ್ಟ್ ಡಾಟ್ ಕಾಮ್ ನಡೆಯುವುದಿಲ್ಲ. ಊರಿಗೊಂದು ಸಬ್‌ಡೊಮೈನ್ ಮಾಡುವ ಆಸೆ ಹುಟ್ಟುತ್ತದೆ, ಬೇಡ. ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ (ಒಂದು ಡೊಮೈನ್‌ನ ಹಲವು ಹೆಸರಿಗೆ ಸಲ್ಲುವುದು) ಒಂದೇ ಹಂತಕ್ಕೆ ಹೊಂದುತ್ತದೆ: ಕಂಪನಿಯ ಹೆಸರಿನ ಮುಂದೆ ನೇರವಾಗಿ 'ಎಸ್‌ಬಿಸಿ-ಮೈಸೂರು' ಎಂದಿದ್ದರೆ ಸರಿ, ಮಧ್ಯೆ ಇನ್ನೊಂದು ಚುಕ್ಕೆ ಬಂದರೆ ಟಿಎಲ್‌ಎಸ್ (ಸುರಕ್ಷಿತ ಸಂಪರ್ಕ) ಕೂಡುವುದಿಲ್ಲ. ಜೊತೆಗೆ ಹೊಸ ಸಬ್‌ಡೊಮೈನ್ ಸೇರಿಸಿದರೆ, ಆ ಹೆಸರಿನಲ್ಲಿ ಲೈಸೆನ್ಸ್ ಇರುವ ಒಬ್ಬ ಯೂಸರ್‌ನನ್ನಾದರೂ ಮಾಡಿ, ಅದು ಹರಡುವವರೆಗೆ ಕಾಯಬೇಕು. ಒಂದೇ ಡೊಮೈನ್, ಮೂರು ಹೆಸರು, ಸಾಕು.

ಆಮೇಲೆ ನಂಬರು. ಟೆನೆಂಟ್‌ಗೆ ಎಕ್ಸ್‌ಟೆನ್ಶನ್ ಮುಖ್ಯವಲ್ಲ, ಪೂರ್ತಿ ನಂಬರು ಮುಖ್ಯ. ಬೆಂಗಳೂರಿಗೆ +9180 ಆದ ಮೇಲೆ 8 ಅಂಕಿ, ಮೈಸೂರಿಗೆ +91821 ಆದ ಮೇಲೆ 7, ಹುಬ್ಬಳ್ಳಿಗೆ +91836 ಆದ ಮೇಲೆ 7. ಮೂರೂ ಕಡೆ ರಿಸೆಪ್ಷನ್ 201 ಆಗಿದ್ದರಿಂದ ಎಕ್ಸ್‌ಟೆನ್ಶನ್‌ಗಳ ಮುಂದೆ ಊರಿನ ಅಂಕಿ ಬಂತು: 1201, 2201, 3201. ಹಳೇ 201 ಒತ್ತುವ ಅಭ್ಯಾಸ ಬಿಡಿಸುವುದು ಕಷ್ಟ. ಅದಕ್ಕೆ ಊರಿಗೊಂದು ಡಯಲ್ ಪ್ಲಾನ್ ಮಾಡಿ, ಮೂರಂಕಿ ಒತ್ತಿದರೆ ಸ್ವಂತ ಊರಿನ ಪೂರ್ತಿ ನಂಬರಾಗುವಂತೆ ನಿಯಮ ಬರೆಯಬೇಕು.

ಹೊರಗೆ ಹೋಗುವಾಗ ಇದರ ಉಲ್ಟಾ. ಟೀಮ್ಸ್ ದೇಶದೊಳಗಿನ ನಂಬರುಗಳನ್ನೆಲ್ಲ +91 ಹಾಕಿ ಕಳಿಸುತ್ತದೆ. ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮುಂದೆ 0 ಹಾಕಲೇಬೇಕು ಎಂಬ ನಿಯಮ 2021ರ ಜನವರಿ 15ರಿಂದ ಇದೆ. ಎಸ್‌ಬಿಸಿಯಲ್ಲಿ +91 ಕಿತ್ತು 0 ಹಾಕುವ ನಿಯಮವಿಲ್ಲದಿದ್ದರೆ ಮೊಬೈಲ್ ಕರೆ ಹೋಗದಿರಬಹುದು. ಜನ ಟೀಮ್ಸ್ ಸರಿಯಿಲ್ಲ ಎಂದುಕೊಳ್ಳುತ್ತಾರೆ.

ರೂಟ್ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಒಂದೇ ವಾಯ್ಸ್ ರೂಟ್‌ನಲ್ಲಿ (ಕರೆ ಯಾವ ಎಸ್‌ಬಿಸಿಯಿಂದ ಹೊರಹೋಗಬೇಕೆಂಬ ನಿಯಮ) ಮೂರೂ ಎಸ್‌ಬಿಸಿ ಹಾಕಿ, ಒಂದು ಕೆಟ್ಟರೆ ಇನ್ನೊಂದು ಎಂದು ನೆಮ್ಮದಿಯಾಗಿ ಕೂರುವವರಿದ್ದಾರೆ. ಒಂದು ರೂಟ್‌ನೊಳಗಿನ ಗೇಟ್‌ವೇಗಳಿಗೆ ಸರದಿ ಇಲ್ಲ. ಟೀಮ್ಸ್ ತೋಚಿದ್ದನ್ನು ಆರಿಸುತ್ತದೆ. ಸರದಿ ಬೇಕಿದ್ದರೆ ಬೇರೆ ಬೇರೆ ಪ್ರಯಾರಿಟಿಯ ಎರಡು ರೂಟ್ ಮಾಡಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಹುಬ್ಬಳ್ಳಿಯವರ ಕರೆ ಇಂಟರ್ನೆಟ್‌ನಲ್ಲಿ ಬಂದು ಬೆಂಗಳೂರಿನ ಟ್ರಂಕ್‌ನಿಂದ (ಟೆಲಿಕಾಂ ಕಂಪನಿಯ ಲೈನ್) ಹೊರಬಿದ್ದರೆ ಅದು ಟೋಲ್ ಬೈಪಾಸ್ (ದೂರದ ಕರೆಯ ಶುಲ್ಕ ತಪ್ಪಿಸುವುದು), ನಮ್ಮ ದೇಶದಲ್ಲಿ ಕೂಡದು. ಹಾಗಾಗಿ ಬ್ಯಾಕಪ್ ಬೇಕೆಂದರೆ ಹುಬ್ಬಳ್ಳಿಯಲ್ಲೇ ಎರಡನೇ ಟ್ರಂಕ್ ತೆಗೆದುಕೊಳ್ಳಿ. ಬೆಂಗಳೂರಿನ ಹೆಗಲ ಮೇಲೆ ಹಾಕಬೇಡಿ.

ಈ ನಿಯಮ ಮುರಿಯದಂತೆ ಕಾಯುವುದು ಲೊಕೇಶನ್ ಬೇಸ್ಡ್ ರೂಟಿಂಗ್ (ಯೂಸರ್ ಇರುವ ಊರು ನೋಡಿ ಕರೆ ಬಿಡುವ ವ್ಯವಸ್ಥೆ). ಊರಿಗೊಂದು ಸೈಟ್, ಸೈಟ್‌ಗೆ ಅದರ ಸಬ್‌ನೆಟ್, ಗೇಟ್‌ವೇಗೆ ಅದರ ಸೈಟ್, ಕಚೇರಿಯ ಪಬ್ಲಿಕ್ ಐಪಿ ಟ್ರಸ್ಟೆಡ್ ಪಟ್ಟಿಯಲ್ಲಿ, ಕೊನೆಗೆ ಯೂಸರ್‌ಗಳ ಕಾಲಿಂಗ್ ಪಾಲಿಸಿಯಲ್ಲಿ ಟೋಲ್ ಬೈಪಾಸ್ ತಡೆ. ಇಲ್ಲೇ ಕಾಲು ಸಿಕ್ಕಿಕೊಳ್ಳುವುದು. ಮೈಸೂರು, ಹುಬ್ಬಳ್ಳಿ ಎರಡೂ ಕಡೆ ರೂಟರ್ ಬಂದಹಾಗೇ ಬಿಟ್ಟಿದ್ದರು: 192.168.1.0. ಟೆನೆಂಟ್‌ನಲ್ಲಿ ಒಂದು ಸಬ್‌ನೆಟ್ ಒಂದೇ ಸೈಟ್‌ಗೆ ಸೇರುತ್ತದೆ. ಪಬ್ಲಿಕ್ ಐಪಿ ಬೇರೆಯಿದೆಯಲ್ಲ ಎಂದರೆ ಪ್ರಯೋಜನವಿಲ್ಲ. ಅದು ಯೂಸರ್ ನಮ್ಮ ನೆಟ್‌ವರ್ಕ್ ಒಳಗಿದ್ದಾನೆಯೇ ಎಂದಷ್ಟೇ ಹೇಳುತ್ತದೆ, ಯಾವ ಊರು ಎಂದು ಹೇಳುವುದು ಒಳಗಿನ ಸಬ್‌ನೆಟ್. ಒಂದು ಕಚೇರಿಯ ಲ್ಯಾನ್‌ಗೆ ಹೊಸ ನಂಬರು ಕೊಡಲೇಬೇಕು. ಪ್ರಿಂಟರ್, ಸಿಸಿಟಿವಿ, ಹಾಜರಿ ಯಂತ್ರಗಳಿಗೆ ಕೈಯಿಂದ ಐಪಿ ಹಾಕಿರುತ್ತಾರೆ. ಹೊತ್ತು ತಿನ್ನುವುದು ಅವೇ, ಫೋನಲ್ಲ.

ಇಂಟರ್ನೆಟ್‌ಗೆ ಎರಡು ಲೈನ್ ಇದ್ದರೆ ಎರಡರ ಐಪಿಯೂ ಟ್ರಸ್ಟೆಡ್ ಪಟ್ಟಿಯಲ್ಲಿರಬೇಕು. ಇಲ್ಲದಿದ್ದರೆ ಮೊದಲ ಲೈನ್ ಬಿದ್ದು ಎರಡನೆಯದಕ್ಕೆ ಹೋದ ಕೂಡಲೇ, ಕುರ್ಚಿಯಿಂದ ಏಳದವನೂ ಕಚೇರಿಯ ಹೊರಗಿದ್ದಾನೆಂದೇ ಲೆಕ್ಕ, ಹೊರಕರೆ ಬಂದ್. ಮನೆಯಿಂದ ಕೆಲಸ ಮಾಡುವವರಿಗೂ ಈ ಟ್ರಂಕ್ ಸಿಗುವುದಿಲ್ಲ. ಇದು ದೋಷವಲ್ಲ, ಇರಬೇಕಾದದ್ದೇ. ಮ್ಯಾನೇಜರ್‌ಗೆ ಮೊದಲೇ ತಿಳಿಸಿಡಿ.

112 ಮರೆಯಬೇಡಿ. +91 ಪ್ಯಾಟರ್ನ್‌ಗೆ ಅದು ಸಿಗುವುದಿಲ್ಲ. ಸೈಟ್‌ಗೊಂದು ಎಮರ್ಜೆನ್ಸಿ ಕಾಲ್ ರೂಟಿಂಗ್ ಪಾಲಿಸಿ ಮಾಡಿ, ಆಯಾ ಊರಿನ ಟ್ರಂಕ್‌ನಿಂದಲೇ ಹೋಗುವಂತೆ ಕಟ್ಟಬೇಕು.

ಇನ್ನು ಪರೀಕ್ಷೆ. ಎಸ್‌ಬಿಸಿ ಪ್ರತಿ ನಿಮಿಷ ಕಳಿಸುವ ಆಪ್ಶನ್ಸ್‌ಗೆ (ಸಂಪರ್ಕ ಇದೆಯೇ ಎಂದು ಕೇಳುವ ಸಂದೇಶ) 200 ಬಂದರೆ ದಾರಿ ತೆರೆದಿದೆ. 403 ಬಂದರೆ ಆ ಸಂದೇಶದ ಕಾಂಟ್ಯಾಕ್ಟ್ ಹೆಡರ್ ನೋಡಿ, ಬಹುಪಾಲು ಅಲ್ಲಿ ಹೆಸರಿನ ಬದಲು ಐಪಿ ಕೂತಿರುತ್ತದೆ. ಕರೆ ಹತ್ತಿದರೂ ಒಂದು ಕಡೆಯ ದನಿ ಕೇಳದಿದ್ದರೆ ಫೈರ್‌ವಾಲ್‌ನಲ್ಲಿ ದನಿ ಸಾಗುವ ಯುಡಿಪಿ ಪೋರ್ಟ್‌ಗಳಾದ 3478ರಿಂದ 3481 ಮತ್ತು 49152ರಿಂದ 53247 ನೋಡಿ. ಸಿಗ್ನಲಿಂಗ್‌ನ 5061 ಮಾತ್ರ ತೆರೆದು ಕೈತೊಳೆದುಕೊಂಡಿರುತ್ತಾರೆ. ಒಳಕರೆಗೆ 404 ಎಂದರೆ ಆ ನಂಬರು ಟೆನೆಂಟ್‌ನಲ್ಲಿ ಯಾರಿಗೂ ಹಚ್ಚಿಲ್ಲ. ಆ 404ನ್ನು ಇಪಿಎಬಿಎಕ್ಸ್ ರಿಸೆಪ್ಷನ್‌ಗೆ ತಿರುಗಿಸುವಂತೆ ಮಾಡಿ, ಮತ್ತೆ ಟೀಮ್ಸ್‌ಗೇ ಅಲ್ಲ. ಇಲ್ಲದಿದ್ದರೆ ಒಂದೇ ಕರೆ ಇಬ್ಬರ ನಡುವೆ ಓಡಾಡುತ್ತ ಟ್ರಂಕ್‌ನ ಚಾನೆಲ್‌ಗಳನ್ನೆಲ್ಲ ತುಂಬಿಬಿಡುತ್ತದೆ.