ಕೈ ಎತ್ತಿಸಬಾರದ ಪ್ರಶ್ನೆ

ನಾಲ್ಕನೇ ತರಗತಿ, 36 ಮಕ್ಕಳು, 40 ನಿಮಿಷದ ಪಿರಿಯಡ್. ಪಾಠಯೋಜನೆಯಲ್ಲಿದ್ದ ಚಟುವಟಿಕೆ: ತರಗತಿಯ ನಿಯಮಗಳನ್ನು ಮಕ್ಕಳೇ ಮಾಡಲಿ. ಮೂರು ನಿಯಮ ಸಲೀಸಾಗಿ ಆದವು. ನಾಲ್ಕನೆಯದನ್ನು ಹಿಂದಿನ ಬೆಂಚಿನವನೊಬ್ಬ ಎದ್ದು ಹೇಳಿದ: "ಬೆಳಗಿನ ಸಭೆಯಲ್ಲಿ ಸುದ್ದಿ ಓದೋಕೆ ತಡವರಿಸೋರನ್ನ ಕಳಿಸಬಾರದು ಮಿಸ್, ತುಂಬಾ ಹೊತ್ತಾಗುತ್ತೆ." ತಡವರಿಸುವವನು ತರಗತಿಗೆ ಒಬ್ಬನೇ. ಹೆಸರು ಹೇಳುವ ಅಗತ್ಯವೇ ಇರಲಿಲ್ಲ.

ಅಲ್ಲೇ ತಡೆಯಬೇಕಿತ್ತು. ಮಕ್ಕಳೇ ಬೇಡ ಅನ್ನುತ್ತಾರೆ ಎಂದು ನಂಬಿ, "ಒಪ್ಪೋರು ಕೈ ಎತ್ತಿ" ಅಂದೆ. ಮೊದಲು ಆರು ಕೈ. ಉಳಿದವರು ಅತ್ತಿತ್ತ ನೋಡಿದರು, ಹನ್ನೊಂದಾಯಿತು. ಎಣಿಸುತ್ತಿದ್ದ ಹಾಗೇ ಹದಿನೆಂಟು, ಇಪ್ಪತ್ತೊಂದು. ಕೊನೆಗೆ 24 ಎಂದು ಬೋರ್ಡಿನ ಮೇಲೆ ಬರೆದು ತಿರುಗಿದಾಗ ಕಂಡಿತು: ಇಪ್ಪತ್ನಾಲ್ಕನೆಯ ಕೈ ಆ ಹುಡುಗನದೇ. "ಈ ನಿಯಮ ಬೇಡ" ಎಂದು ಒರೆಸಿದೆ. "ಮತ್ತೆ ಯಾಕೆ ಕೈ ಎತ್ತಿಸಿದ್ರಿ ಮಿಸ್?" ಉತ್ತರ ಇರಲಿಲ್ಲ.

ಎಡವಟ್ಟಾದದ್ದು ಎರಡು ಕಡೆ. ಕೈ ಎತ್ತಿಸುವುದೆಂದರೆ ಪಕ್ಕದವರ ಮುಖ ನೋಡಿಸುವುದು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ ದೊಡ್ಡವರೇ ಗೆರೆಯ ಉದ್ದ ಕಣ್ಣೆದುರಿಗಿದ್ದರೂ ಎಷ್ಟೋ ಸಲ ಗುಂಪಿನ ತಪ್ಪು ಉತ್ತರಕ್ಕೆ ತಲೆಯಾಡಿಸಿದ್ದರು. ಒಂಬತ್ತು ವರ್ಷದವರ ಪಾಡೇನು? ಇನ್ನೂ ದೊಡ್ಡ ತಪ್ಪು, ಅದು ಮತಕ್ಕೆ ಹಾಕುವ ಪ್ರಶ್ನೆಯೇ ಅಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಅಭಿಪ್ರಾಯ ಕೇಳಬೇಕು ಅನ್ನುತ್ತದೆ, 2ನೇ ವಿಧಿ ಭೇದ ಮಾಡಬಾರದು ಅನ್ನುತ್ತದೆ. ನಾವು ಹನ್ನೆರಡನೇ ವಿಧಿಯನ್ನು ಚಾರ್ಟ್ ಮಾಡಿ ಅಂಟಿಸುತ್ತೇವೆ, ಎರಡನೇ ವಿಧಿಯನ್ನು ಮರೆಯುತ್ತೇವೆ.

ಈಗ ನಿಯಮ ಮಾಡುವ ಮುಂಚೆ ಗೋಡೆಗೆ ಎರಡು ಹಾಳೆ. ಒಂದರಲ್ಲಿ ಮತಕ್ಕೆ ಬರುವಂಥವು: ಯಾವ ಆಟ, ಯಾವ ಕಥೆ, ಗೋಡೆಯ ಅಲಂಕಾರ. ಇನ್ನೊಂದರಲ್ಲಿ ಬರದಂಥವು: ಯಾರು ಮಾತಾಡಬಹುದು, ಯಾರು ಎಲ್ಲಿ ಕೂರಬಹುದು, ಯಾರು ಗುಂಪಿನಲ್ಲಿರಬಹುದು. ಪ್ರಸ್ತಾಪ ಬಂದಾಗ ಒಂದೇ ಪರೀಕ್ಷೆ: ಇದು ಮಾಡುವ ಕೆಲಸದ ಬಗ್ಗೆಯೋ, ಇರುವ ವ್ಯಕ್ತಿಯ ಬಗ್ಗೆಯೋ? "ಸುದ್ದಿ ಎರಡು ವಾಕ್ಯ ಮೀರಬಾರದು" ಅನ್ನುವುದು ಮತಕ್ಕೆ ಹೋಗಬಹುದು, ಎಲ್ಲರಿಗೂ ಒಂದೇ. "ತಡವರಿಸೋರು ಬೇಡ" ಹೋಗದು.

ಮತ ಹಾಕುವುದು ಚೀಟಿಯಲ್ಲಿ. ಬರೆಸಬೇಡಿ, ಅಕ್ಷರ ನೋಡಿ ಯಾರದೆಂದು ಮಕ್ಕಳು ಕ್ಷಣದಲ್ಲಿ ಹೇಳುತ್ತಾರೆ. ಎರಡು ವೃತ್ತ ಮುದ್ರಿಸಿದ ಚೀಟಿ, ಒಂದರಲ್ಲಿ ಗೀಟು, ಮಡಚಿ ಡಬ್ಬಿಗೆ. ಎಣಿಸುವವರು ಇಬ್ಬರು, ಐದೈದರ ಗೀಟುಗಳಲ್ಲಿ, ಗಟ್ಟಿಯಾಗಿ. ಆಮೇಲೆ ಸೋತ ಕಡೆಯವರಿಗೇ ಮೊದಲ ಮಾತು: ಏನು ಬದಲಾದರೆ ನಿಮಗೂ ನಡೆಯುತ್ತೆ? ಇದನ್ನು ಬಿಟ್ಟರೆ ಪ್ರತಿ ವಾರ ಅದೇ ಏಳೆಂಟು ಮಕ್ಕಳು ಸೋಲುತ್ತಾರೆ. ಮತದಾನ ಎಂದರೆ ಸೋಲುವುದು ಎಂದಷ್ಟೇ ಕಲಿಯುತ್ತಾರೆ.

ಗುಂಪಿನ ಕೆಲಸಕ್ಕೆ ಜಿಗ್ಸಾ ಒಳ್ಳೆಯದು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ರೂಪಿಸಿದ್ದು: ಐದಾರು ಮಕ್ಕಳ ಗುಂಪು, ಪಾಠ ಅಷ್ಟೇ ತುಂಡು, ಪ್ರತಿಯೊಬ್ಬರ ಕೈಲಿ ಒಂದು. ಒಬ್ಬರ ಮಾತು ಕೇಳದಿದ್ದರೆ ಉಳಿದವರಿಗೆ ಪಾಠ ಪೂರ್ತಿಯಾಗದು. ಕೆಡುವುದು ಎಲ್ಲಿ? ಒಂದೇ ತುಂಡು ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕೂತು ತಯಾರಾಗುವ ಹಂತವನ್ನು ಸಮಯವಿಲ್ಲವೆಂದು ಹಾರಿಸಿದಾಗ. ಓದು ನಿಧಾನವಿರುವ ಮಗು ತಯಾರಿಯಿಲ್ಲದೆ ಗುಂಪಿನೆದುರು ಸಿಕ್ಕಿಬೀಳುತ್ತದೆ, ಅಸಹನೆ ಇಮ್ಮಡಿಯಾಗುತ್ತದೆ. 40 ನಿಮಿಷಕ್ಕೆ ಇದು ಆಗುವ ಮಾತಲ್ಲ, ಎರಡು ಪಿರಿಯಡ್ ಜೋಡಿಸಬೇಕು. ವೇಳಾಪಟ್ಟಿ ಹಾಕುವವರಿಗೆ ಇದನ್ನು ಅರ್ಥ ಮಾಡಿಸಿದವರಿದ್ದರೆ ನನಗೂ ತಿಳಿಸಿ.

1968ರಲ್ಲಿ ಅಮೆರಿಕದ ಶಿಕ್ಷಕಿ ಜೇನ್ ಎಲಿಯಟ್ ಮೂರನೇ ತರಗತಿಯಲ್ಲಿ ನೀಲಿ ಕಣ್ಣು–ಕಂದು ಕಣ್ಣು ಎಂದು ಮಕ್ಕಳನ್ನು ಭಾಗ ಮಾಡಿ, ಒಂದು ಗುಂಪನ್ನು ಕೀಳಾಗಿ ಕಂಡು ಭೇದಭಾವದ ನೋವು ತೋರಿಸಿದ ಪ್ರಯೋಗವನ್ನು ನಾವೂ ಮಾಡೋಣ ಎನ್ನುವ ಉತ್ಸಾಹಿಗಳು ಪ್ರತಿ ತರಬೇತಿಯಲ್ಲೂ ಇರುತ್ತಾರೆ. ಬೇಡ. ಅರ್ಧ ಗಂಟೆ ಅವಮಾನ ಮಾಡಿ ಆಮೇಲೆ "ಇದು ಆಟ" ಎಂದರೆ ಮಗುವಿಗೆ ನೆನಪುಳಿಯುವುದು ಅವಮಾನ.

ತಡವರಿಸುವ ಮಗುವಿನ ವಿಷಯಕ್ಕೆ: ವಾಕ್ಯ ನೀವು ಮುಗಿಸಬೇಡಿ. "ನಿಧಾನ, ಉಸಿರು ತಗೋ" ಅನ್ನಬೇಡಿ. ಮುಖ ನೋಡುತ್ತ ಕಾಯಿರಿ. ಓದಬೇಕೋ ಬೇಡವೋ ಎಂದು ಅವನನ್ನೇ, ಒಬ್ಬನೇ ಇದ್ದಾಗ ಕೇಳಿ. ಜೊತೆಯಲ್ಲಿ ಇನ್ನೊಬ್ಬರು ಒಟ್ಟಿಗೆ ಓದಿದರೆ ಸಾಮಾನ್ಯವಾಗಿ ತಡವರಿಕೆ ಕಡಿಮೆಯಾಗುತ್ತದೆ. ಹಾಗಾಗಿ ಸುದ್ದಿ ಓದು ಈಗ ಜೋಡಿಯಲ್ಲಿ, ಎಲ್ಲ ಮಕ್ಕಳಿಗೂ.

ವೇಷ ಹಾಕಿಸಿ ಸಾಲಾಗಿ ನಿಲ್ಲಿಸಿ ತೆಗೆದ ಫೋಟೋಗೆ ಶಾಲೆಯ ಚಟುವಟಿಕೆ ವರದಿಯಲ್ಲಿ ಕಾಲಂ ಇದೆ, ಚೀಟಿ ಡಬ್ಬಿಗೆ ಇಲ್ಲ. ಆ ದಿನದ ನಮೂನೆಯಲ್ಲಿ ನಾನೇ ತುಂಬಿದ್ದು: ಭಾಗವಹಿಸಿದವರು 36, ಕಲಿಕಾಫಲ ತೃಪ್ತಿಕರ. ಮೇಲಿನವರ ಸಹಿಯೂ ಬಿದ್ದಿದೆ.